ಮುಚ್ಚಿದ ಡಬ್ಬಿ, ಕಂಪ್ಲಿಯ ಸಮಾಳ

ನನ್ನ ಅಂಗಡಿಗೆ ಬರುವವರು ಕಾರು ನಿಲ್ಲಿಸಿದ ಕೂಡಲೇ ಇಳಿದು ಹಿಂದಕ್ಕೆ ಹೋಗಿ ಡಿಕ್ಕಿ ಎತ್ತುತ್ತಾರೆ. ಕಂಪ್ಲಿಯ ಸಾಹುಕಾರರು ಹಾಗೆ ಮಾಡಲಿಲ್ಲ. ಇಳಿದರು, ನನ್ನನ್ನು ಕೈಮಾಡಿ ಕರೆದರು, ಮತ್ತೆ ಹೋಗಿ ತಮ್ಮ ಸೀಟಿನಲ್ಲೇ ಕೂತರು. ನಾನು ಪಕ್ಕದ ಸೀಟಿನಲ್ಲಿ ಕೂತೆ.

"ಬಾಗ್ಲಾ ಹಾಕ್ರಿ," ಎಂದರು.

ಹಾಕಿದೆ. ಹೊಸಪೇಟೆಯ ಆ ರಸ್ತೆಯ ಸದ್ದೆಲ್ಲ, ಅದಿರು ಲಾರಿ, ಆಟೊ, ಎದುರಿನ ವೆಲ್ಡಿಂಗ್ ಶಾಪು, ಎಲ್ಲ ಒಮ್ಮೆಗೇ ದೂರ ಸರಿಯಿತು. ಕಾರಿನೊಳಗೆ ಭತ್ತದ ಹೊಟ್ಟಿನ ವಾಸನೆ. ಡ್ಯಾಶ್‌ಬೋರ್ಡಿನ ಮೇಲೆ ತೆಳ್ಳಗೆ ಅಕ್ಕಿಯ ಧೂಳು ಕೂತಿತ್ತು. ಅದರ ಮೇಲೆ ಬಿಸಿಲು ಬಿದ್ದು, ಯಾವುದೋ ಹಳೆಯ ಮಧ್ಯಾಹ್ನದೊಳಗೆ ಕೂತ ಹಾಗಿತ್ತು.

"ದೊಡ್ಡ ಸೌಂಡ್ ಬ್ಯಾಡ್ರಿ ಮೇಸ್ತ್ರಿ. ಖರೇ ಸೌಂಡ್ ಬೇಕು."

ನನಗೆ ನಗು ಬಂತು. ಕಾರಿಗೆ ಸಬ್‌ವೂಫರ್, ಅಂದರೆ ದಪ್ಪ ಸದ್ದಿನ ಸ್ಪೀಕರು, ಕೂರಿಸುವ ಈ ಕೆಲಸಕ್ಕೆ ಇಳಿದ ಮೇಲೆ ದೊಡ್ಡ ಸೌಂಡ್ ಬೇಡ ಎಂದವರು ಇವರೊಬ್ಬರೇ.

ಸಾಹುಕಾರರದು ಕಂಪ್ಲಿಯಲ್ಲಿ ರೈಸ್ ಮಿಲ್ಲು. ಯಂತ್ರದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಆಯುಷ್ಯ ಕಳೆದವರು. ಅದರಿಂದ ಕಿವಿ ಕೆಟ್ಟಿತ್ತು. ಪೂರ್ತಿ ಅಲ್ಲ. ಫೋನಿನ ರಿಂಗು, ಮೊಮ್ಮಕ್ಕಳ ಮಾತು, ತಾಳದ ಕಿಣಿಕಿಣಿ, ಇಂಥ ಸಣ್ಣ ಚೂಪು ಸದ್ದುಗಳು ಹೋಗಿದ್ದವು. ದಪ್ಪ ಸದ್ದು ಉಳಿದಿತ್ತು. "ಡಾಕ್ಟ್ರು ಕಿವ್ಯಾಗ ಇಡೂ ಮಷೀನ್ ಕೊಟ್ಟಾರ. ಅದು ದಿನಾ ಗುಬ್ಬಿ ಕೂಗಿದಂಗ ಕೂಗ್ತೈತಿ," ಎಂದು ಅಂಗಿಯ ಜೇಬು ತಟ್ಟಿದರು. ಮಷೀನು ಅಲ್ಲೇ ಇತ್ತು.

ಅವರ ಮನೆತನದಲ್ಲಿ ಸಮಾಳ ಬಾರಿಸುವ ರೂಢಿ. ಮೆರವಣಿಗೆಯಲ್ಲಿ ಗೆಜ್ಜೆ, ರೇಷ್ಮೆ ಕಟ್ಟಿದ ಎತ್ತರದ ನಂದಿಕೋಲನ್ನು ಒಬ್ಬ ಸೊಂಟಕ್ಕೆ ಆನಿಸಿಕೊಂಡು ಕುಣಿಯುತ್ತಾನೆ. ಅವನ ಹೆಜ್ಜೆಗೆ ಸರಿಯಾಗಿ ಇಬ್ಬರ ಕೊರಳಿಗೆ ಜೋತುಬಿದ್ದ ಎರಡು ಸಮಾಳಗಳು ಬಡಿಯಬೇಕು. ಎದೆಯ ಮೇಲೆ ಕೂತು ಬಡಿಯುವಂಥ ದಪ್ಪ ಸದ್ದಿನ ತೊಗಲು ವಾದ್ಯ ಅದು. ಮುಂದಿನ ಸಮಾಳ ಸಾಹುಕಾರರದು, ಹಿಂದಿನದು ಅವರ ತಮ್ಮನದು. ತಾಳ ಹಾಕುವವರು ಬೇರೆ.

"ಎರಡು ಸಮಾಳ ಬಿದ್ರೂ ಒಂದ ಪೆಟ್ಟು ಕೇಳ್ಬೇಕ್ರಿ. ಎರಡು ಕೇಳಿದ್ರ ಕುಣಿಯಾಂವ ಯಾವುದಕ್ಕ ಕಾಲಿಡ್ಬೇಕು?"

ಆಗಿದ್ದು ಇಷ್ಟು. ಸಂಡೂರಿನಲ್ಲಿ ಸ್ವಾಮಿಗಳನ್ನು ಬರಮಾಡಿಕೊಳ್ಳುವ ಮೆರವಣಿಗೆಯಲ್ಲಿ ನಂದಿಕೋಲು ವಾಲಿತ್ತು. ಹೊತ್ತವನು ಅವರ ಅಕ್ಕನ ಮಗ. ನಾಲ್ಕು ಜನ ಕೈಹಾಕಿ ಹಿಡಿದಿದ್ದಕ್ಕೆ ಕೋಲು ನೆಲಕ್ಕೆ ಬೀಳಲಿಲ್ಲ, ಅವನ ಭುಜ ಮಾತ್ರ ಉಳುಕಿತು. ಕಾಲಿಗೆ ಕಲ್ಲು ಎಡವಿತು ಎಂದು ಎಲ್ಲರೂ ಹೇಳಿದರು.

"ಕಲ್ಲು ಇರ್ಲಿಲ್ರಿ. ಟಾರ್ ರೋಡು, ನಾನ ನೋಡೀನಿ. ನನಗನಸ್ತದ, ತಪ್ಪಿದ್ದು ನಾನು. ಆದ್ರ ನಮ್ಮ ಮ್ಯಾಳದಾಗ ಹಿರ್ಯಾಂವಗ ಯಾರೂ ತಪ್ಪು ಹೇಳೂದಿಲ್ಲ. ತಮ್ಮನ್ನ ಕೇಳಿದ್ರ 'ಛಂದ ಬಾರ್ಸಿದಿ ಬಿಡಣ್ಣ' ಅಂತಾನ. ಈಗ ಅವನ ಮಗಳ ಮದುವಿ ಬಂತು. ನಂದಿಕೋಲು ಹೊರಾಂವ ಮತ್ತ ಅದ ಅಕ್ಕನ ಮಗ. ನನ್ನ ಕೈ ತಪ್ಪಿತ್ತಂದ್ರ ಸಮಾಳ ಇಳಸಿಬಿಡ್ತೀನಿ. ತಪ್ಪಿಲ್ಲಂದ್ರ ಯಾಕ ಇಳಸ್ಲಿ? ಅಷ್ಟು ನನಗ ಗೊತ್ತಾಗ್ಬೇಕು."

ಜೇಬಿನಿಂದ ಪೆನ್‌ಡ್ರೈವ್ ತೆಗೆದು ನನ್ನ ಅಂಗೈಯಲ್ಲಿಟ್ಟರು. ಸಂಡೂರಿನ ಮೆರವಣಿಗೆಯದು. ವಿಡಿಯೊದವನು ಸಮಾಳದ ಹತ್ತಿರವೇ ಮೈಕು ಹಿಡಿದು ತೆಗೆದದ್ದಂತೆ. ಮನೆಯ ಟೀವಿಯಲ್ಲಿ ದಪ್ಪ ಸದ್ದೇ ಬಾರದು, ಹಾಕಿದರೆ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ. ಮಿಲ್ಲಿನಲ್ಲಂತೂ ಯಂತ್ರದ ಸದ್ದು. ಅವರಿಗೆ ನಿಶ್ಶಬ್ದ ಸಿಗುವ ಜಾಗ ಈ ಕಾರೊಂದೇ ಆಗಿತ್ತು.

ನಮ್ಮ ಕಡೆಯ ರಿವಾಜು ಇಲ್ಲಿ ಹೇಳಲೇಬೇಕು. ಹೊಸಪೇಟೆಯಲ್ಲಿ ಕಾರಿನ ಹಾಡನ್ನು ಕಾರಿನೊಳಗೆ ಕೂತು ಯಾರೂ ಕೇಳುವುದಿಲ್ಲ. ಕಾಲುವೆ ದಂಡೆಯ ಮೇಲೆ ನಿಲ್ಲಿಸಿ, ಡಿಕ್ಕಿ ಎತ್ತಿ, ಹಿಂದೆ ನಿಂತು ಕೇಳುತ್ತಾರೆ, ಕುಣಿಯುತ್ತಾರೆ, ಕೇಕು ಕತ್ತರಿಸುತ್ತಾರೆ. ಸಂಡೂರಿನ ಗಣಿಗೆ ಟಿಪ್ಪರ್ ಬಿಟ್ಟ ಹುಡುಗರು ಬಂದರೆ, "ಅಣ್ಣಾ, ಕಾಲುವಿ ಆಚೀ ದಂಡಿಗೂ ಹೊಡೀಬೇಕು" ಎನ್ನುತ್ತಾರೆ. ನಾನೂ ಹಾಗೇ ಪರೀಕ್ಷೆ ಮಾಡುತ್ತಿದ್ದೆ. ಡಿಕ್ಕಿ ಎತ್ತಿ, ಹಾಡು ಹಾಕಿ, ರಸ್ತೆ ದಾಟಿ ಎದುರಿನ ಚಹಾದಂಗಡಿಗೆ ಹೋಗಿ ನಿಲ್ಲುವುದು. ಅಲ್ಲಿ ಮೇಜಿನ ಮೇಲಿನ ಗ್ಲಾಸು ನಡುಗಿದರೆ ಬಾಕ್ಸು ಪಾಸು. ಅದಕ್ಕಿಂತ ದೊಡ್ಡ ಮೀಟರು ನನ್ನ ಬಳಿ ಇರಲಿಲ್ಲ, ಬೇಕು ಅಂತಲೂ ಅನ್ನಿಸಿರಲಿಲ್ಲ.

ಸಬ್‌ವೂಫರ್ ಒಂದೇ ಆದರೂ ಅದನ್ನು ಕೂರಿಸುವ ಡಬ್ಬಿಯಲ್ಲಿ ಜಾತಿಗಳಿವೆ. ಸುತ್ತಲೂ ಮುಚ್ಚಿದ್ದು ಸೀಲ್ಡ್. ಅದರಲ್ಲಿ ಒಳಗಿನ ಗಾಳಿ ಸ್ಪೀಕರಿನ ಅದುರುವ ಕೋನಿನ ಬೆನ್ನನ್ನು ಸ್ಪ್ರಿಂಗಿನಂತೆ ಹಿಡಿದಿರುತ್ತದೆ, ಪೆಟ್ಟು ಮುಗಿದ ಕೂಡಲೇ ಕೋನು ನಿಲ್ಲುತ್ತದೆ. ಕೊಳವೆ ಇಟ್ಟದ್ದು ಪೋರ್ಟೆಡ್. ಅದರಲ್ಲಿ ಕೋನಿನ ಹಿಂದಿನ ಗಾಳಿಯೂ ಕೊಳವೆಯಿಂದ ಹೊರಬಂದು ಮುಂದಿನ ಸದ್ದಿಗೆ ಸೇರಿಕೊಳ್ಳುತ್ತದೆ, ಹಾಗಾಗಿ ಅಬ್ಬರ ಹೆಚ್ಚು. ಕೊಳವೆಯ ಉದ್ದ ಹೆಚ್ಚು ಕಡಿಮೆ ಮಾಡಿ ಅದು ಯಾವ ಸ್ವರಕ್ಕೆ ಗುಂಯ್‌ಗುಟ್ಟಬೇಕೆಂದು ಹೊಂದಿಸಬಹುದು. ಇನ್ನು ಎರಡು ಕೋಣೆಯ ಬ್ಯಾಂಡ್‌ಪಾಸ್ ಅಂತ ಒಂದಿದೆ. ಅದು ಒಂದೇ ಮಾತನ್ನು ಜೋರಾಗಿ ಆಡುವ ಮನುಷ್ಯನಂತೆ, ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ.

ಸಾಹುಕಾರರಿಗೂ ನಾನು ಕೊಳವೆ ಡಬ್ಬಿಯನ್ನೇ ಮಾಡಿದೆ. ಯೋಚನೆ ಮಾಡಿದೆನೇ ಎಂದರೆ, ಇಲ್ಲ. ಅನ್ನ ತಿನ್ನುವ ಕೈ ಬಾಯಿಗೆ ಹೋದ ಹಾಗೆ ಕೈ ಅದರತ್ತ ಹೋಯಿತು.

ನನ್ನ ಡಬ್ಬಿಗಳಿಗೆ ಹಲಗೆ ಕೊಯ್ದುಕೊಡುವವರು ಚಿತ್ತವಾಡ್ಗಿಯ ಬಡಿಗೇರ ಕಾಕಾ. ಅವರ ಮನೆಯ ಮುಂದಿನ ಕಟ್ಟೆಯೇ ಕಾರ್ಖಾನೆ. ಎಂಡಿಎಫ್ ಹಲಗೆ, ಮೂಲೆಗೆ ಒಳಗಡೆ ರೀಪು, ಅಂಟು, ಸ್ಕ್ರೂ. ಮುಂದಿನ ಹಲಗೆಯಲ್ಲಿ ಹನ್ನೆರಡು ಇಂಚಿನ ಸಬ್‌ವೂಫರಿಗೆ ದುಂಡನೆಯ ಕಂಡಿ, ಪಕ್ಕದಲ್ಲಿ ಕೊಳವೆಗೆ ಸಣ್ಣ ಕಂಡಿ. ಕಾಕಾ ಆ ಕಂಡಿಯ ಅಂಚನ್ನು ಉಪ್ಪು ಕಾಗದದಿಂದ ತಿಕ್ಕುವಾಗ ಕಣ್ಣು ಮುಚ್ಚಿಕೊಳ್ಳುತ್ತಾರೆ. ಹಲಗೆಯ ಪುಡಿ ಬಿಸಿಲಲ್ಲಿ ತೇಲುತ್ತಿರುತ್ತದೆ. ಅಲ್ಲಿ ಕೂತರೆ ನನಗೆ ಎದ್ದು ಬರುವ ಮನಸ್ಸಾಗುವುದಿಲ್ಲ.

ಡಬ್ಬಿ ಕೂರಿಸಿ, ಪೆನ್‌ಡ್ರೈವ್ ಹಾಕಿ, ಡಿಕ್ಕಿ ಎತ್ತಿದೆ. ಸಂಡೂರಿನ ಮೆರವಣಿಗೆ ನಮ್ಮ ರಸ್ತೆಗೆ ಬಂತು. ಚಹಾದಂಗಡಿಯ ಗ್ಲಾಸುಗಳು ನಡುಗಿದವು. ಸೈಕಲ್ಲಿನವನೊಬ್ಬ ಇಳಿದು ನಿಂತು, ಯಾರಿಗೆಂದು ತಿಳಿಯದೆ ಕೈಮುಗಿದ. ನಾನು ಮೀಸೆಯೊಳಗೇ ನಕ್ಕೆ.

ಸಾಹುಕಾರರು ಮಾತ್ರ ಒಳಗೆ ಕೂತು, ಡಿಕ್ಕಿ ಮುಚ್ಚಿಸಿ, ಬಾಗಿಲು ಹಾಕಿಸಿ ಕೇಳಿದರು. ಅವರ ಮುಖ ಅರಳಿತು. ಕೂತಲ್ಲೇ ಅವರ ಸಮಾಳ ಅವರ ಬೆನ್ನಿಗೆ ತಾಗುತ್ತಿತ್ತು. ಕಣ್ಣು ತುಂಬಿದ್ದನ್ನು ಹೊರಗೆ ನಿಂತ ನಾನು ಬಾಗಿಲ ಕನ್ನಡಿಯಲ್ಲಿ ನೋಡಿದೆ. ಕಿಟಕಿ ಇಳಿಸಿ ಕೇಳಿದರು:

"ನನ್ನ ಕಿವಿ ನಾ ನಂಬೂದಿಲ್ಲ. ನೀವು ಹೇಳ್ರಿ. ಪೆಟ್ಟು ಒಂದೋ, ಎರಡೋ?"

"ಒಂದ ಐತ್ರಿ ಸಾವ್ಕಾರ್ರ," ಎಂದೆ. ನನಗೆ ಕೇಳಿಸಿದ್ದು ಒಂದೇ. ಅವರು ಸಂತೋಷದಿಂದ ಹೋದರು, ನಾನೂ ಸಂತೋಷದಿಂದ ಅಂಗಡಿ ಮುಚ್ಚಿದೆ.

ಮುಂದಿನ ವಾರ ಮತ್ತೆ ಬಂದರು. ಮುಖದಲ್ಲಿ ಆ ಸಂತೋಷ ಇರಲಿಲ್ಲ. ಮತ್ತೆ ಅದೇ ರೀತಿ ನನ್ನನ್ನು ಒಳಗೆ ಕೂರಿಸಿಕೊಂಡು ಬಾಗಿಲು ಹಾಕಿಸಿದರು.

"ಮೇಸ್ತ್ರಿ, ಭಾಳ ಛಂದ ಕೇಳ್ತೈತಿ. ಅದ ನನಗ ಅನುಮಾನ."

"ಛಂದ ಕೇಳೂದ್ರಾಗ ಏನ್ರಿ ಅನುಮಾನ?"

"ನಮ್ಮ ತಂಗಿ ಮಗನ ಮದುವಿ ವಿಡಿಯೊ ಹಾಕಿದೆ. ಅಲ್ಲಿ ಡೊಳ್ಳು ಬಾರ್ಸ್ಯಾರ. ಅದೂ ನಮ್ಮ ಸಮಾಳದಂಗ ಕೇಳ್ತು. ಸಿನಿಮಾ ಹಾಡು ಹಾಕಿದೆ, ಅದೂ ಸಮಾಳ. ಎಲ್ಲಾರಿಗೂ 'ಭೇಷ್' ಅಂತೈತಿ ಈ ನಿಮ್ಮ ಡಬ್ಬಿ. ನಮ್ಮ ಮ್ಯಾಳದ ಮಂದಿಯಂಗ ಐತಿ ನೋಡ್ರಿ, ತಪ್ಪು ಹೇಳೂದಿಲ್ಲ."

ನನಗೆ ಸಿಟ್ಟು ಬಂತು. ನಾಲ್ಕು ತಾಲ್ಲೂಕಿನವರು ಹೊಗಳಿದ ಕೆಲಸಕ್ಕೆ ಕಿವಿ ಕೇಳದ ಮನುಷ್ಯ ಹೆಸರಿಡುವುದೇ? ಆದರೂ ಕಾರನ್ನು ಇಟ್ಟುಕೊಂಡು ಕೊಳವೆ ಉದ್ದ ಮಾಡಿದೆ, ಗುಂಯ್‌ಗುಡುವ ಸ್ವರ ಇನ್ನೂ ಕೆಳಗೆ ಹೋಯಿತು. ಕೊಳವೆಯ ಬಾಯಲ್ಲಿ ಗಾಳಿ ಫೂತ್ಕರಿಸತೊಡಗಿತು. ಬಾಯಿ ಅಗಲ ಮಾಡಿದೆ. ನಂಬರ್ ಪ್ಲೇಟು ಗಿರಗಿರ ಅಂದಿತು, ಅದರ ಹಿಂದೆ ಸ್ಪಂಜು ಇಟ್ಟೆ. ಆಂಪ್ಲಿಫೈಯರಿನ ತಿರುಪುಗಳನ್ನೆಲ್ಲ ತಿರುವಿ ನೋಡಿದೆ. ಪ್ರತಿ ಸಲವೂ ಡಿಕ್ಕಿ ಎತ್ತಿ, ರಸ್ತೆ ದಾಟಿ ಹೋಗಿ ನಿಂತೆ. ಪ್ರತಿ ಸಲವೂ ಗ್ಲಾಸು ನಡುಗಿತು. ಪ್ರತಿ ಸಲವೂ ಸಾಹುಕಾರರು ಒಳಗೆ ಕೂತು ಕೇಳಿ ತಲೆಯಾಡಿಸಿದರು.

ಕೊನೆಗೆ ಅವರೇ, "ನೀವು ನನ್ನ ಕೂಡ ಕಂಪ್ಲಿತನಕ ಬರ್ರಿ. ದಾರ್‍ಯಾಗ ಕೂತು ಕೇಳ್ರಿ. ಹೊರಗ ನಿಂತಿದ್ದು ಸಾಕು," ಎಂದರು.

ಆ ಸಂಜೆಯನ್ನು ನಾನು ಮರೆಯುವುದಿಲ್ಲ. ಕಮಲಾಪುರ ದಾಟಿದ ಮೇಲೆ ಕೆರೆಯ ನೀರು ತಾಮ್ರದ ಬಣ್ಣಕ್ಕೆ ತಿರುಗಿತ್ತು. ಹಂಪಿ ಕಡೆಯ ಬಾಳೆ ತೋಟಗಳು ಹಿಂದೆ ಉಳಿದು, ದರೋಜಿ ಕಡೆಯ ಬಂಡೆಗುಡ್ಡಗಳು ಒಂದರ ಮೇಲೊಂದು ಹತ್ತಿ ಕೂತು ನಮ್ಮನ್ನು ನೋಡುತ್ತಿದ್ದವು. ಕರಡಿಗಳು ಗುಡ್ಡ ಇಳಿಯುವ ಹೊತ್ತು. ಸಾಹುಕಾರರು ನಿಧಾನವಾಗಿ ಕಾರು ಓಡಿಸುತ್ತಿದ್ದರು. ಒಳಗೆ ಸಂಡೂರಿನ ಮೆರವಣಿಗೆ ನಡೆದಿತ್ತು. ಹೊರಗೆ ರಸ್ತೆ ಹಿಂದಕ್ಕೆ ಹರಿಯುತ್ತಿತ್ತು. ಯಾರ ಮೆರವಣಿಗೆ, ಎಲ್ಲಿಗೆ ಹೋಗುತ್ತಿದ್ದೇವೆ ಎಂಬುದೇ ಮರೆತು ನಾನು ತಲೆ ಹಿಂದಕ್ಕೆ ಒರಗಿಸಿದೆ. ನನ್ನ ಕೈಯಲ್ಲಿ ಮಾಡಿದ ಡಬ್ಬಿಯನ್ನು ಬಾಗಿಲು ಮುಚ್ಚಿದ ಕಾರಿನೊಳಗೆ ಕೂತು, ಇಷ್ಟು ಹೊತ್ತು ಕೇಳಿದ್ದು ಅದೇ ಮೊದಲು.

ಸೆಖೆ ಎನ್ನಿಸಿ ಕಿಟಕಿ ಸ್ವಲ್ಪ ಇಳಿಸಿದೆ. ಸಮಾಳ ತೆಳ್ಳಗಾಯಿತು. ಏರಿಸಿದೆ. ತುಂಬಿಕೊಂಡಿತು. ಇಳಿಸಿದೆ, ಏರಿಸಿದೆ. ಸಾಹುಕಾರರು ಓಡಿಸುತ್ತಲೇ ಇದ್ದರು. ಮತ್ತೊಮ್ಮೆ ಇಳಿಸಿದೆ. ಆಗ ನನ್ನ ತಲೆಗೆ ಹೊಳೆಯಿತು. ಬಾಗಿಲು ಮುಚ್ಚಿದ ಕಾರು ತಾನೇ ಒಂದು ಡಬ್ಬಿ. ಬಯಲಲ್ಲಿ ಹರಡಿ ಹೋಗುವ ದಪ್ಪ ಸದ್ದು ಇಲ್ಲಿ ಹೋಗಲು ಜಾಗವಿಲ್ಲದೆ ತಾನಾಗಿ ಬಲಿಯುತ್ತದೆ. ಅದರ ಮೇಲೆ ನಾನು ಬಯಲಿಗೆಂದೇ ಮಾಡಿದ ಕೊಳವೆಯ ಅಬ್ಬರವನ್ನೂ ಸುರಿದಿದ್ದೆ. ಒಂದು ಪೆಟ್ಟಿನ ಬಾಲ ಮುಗಿಯುವ ಮೊದಲೇ ಇನ್ನೊಂದು ಬಂದು ಅದರಲ್ಲಿ ಮುಳುಗುತ್ತಿತ್ತು. ಡಿಕ್ಕಿಯ ಹಿಂದೆ ನಿಂತು ಕೇಳುವವರ ಸಲುವಾಗಿಯೇ ಇಷ್ಟು ವರ್ಷ ಡಬ್ಬಿ ಕಟ್ಟಿದ್ದ ನನಗೆ ಕಾರಿನೊಳಗೊಬ್ಬ ಮನುಷ್ಯ ಕೂತಿರುತ್ತಾನೆ ಎಂಬುದು ಹೊಳೆದೇ ಇರಲಿಲ್ಲ.

"ಸಾವ್ಕಾರ್ರ, ಗಾಡಿ ಹೊಳ್ಳಿಸ್ರಿ. ತೂತು ಮುಚ್ಚೂನು," ಎಂದೆ.

ಅವರಿಗೆ ಕೇಳಿಸಲಿಲ್ಲ. ಭುಜ ತಟ್ಟಿ ಮತ್ತೆ ಹೇಳಬೇಕಾಯಿತು.

ಹೇಳಿದ್ದು ಸುಲಭ. ಆದರೆ ಆ ಕೊಳವೆಗೆ ತಕ್ಕ ದೊಡ್ಡ ಡಬ್ಬಿಯ ತೂತಿಗೆ ಬರೀ ಬಿರಡೆ ಹಾಕಿದರೆ ಆಗುವುದಿಲ್ಲ. ಮುಚ್ಚಿದ ಡಬ್ಬಿಗೆ ಅಷ್ಟು ಜಾಗ ಬೇಡ. ಗಾಳಿ ಸಡಿಲವಾದರೆ ಕೋನೂ ಸಡಿಲ. ಹೊಸದನ್ನೇ ಮಾಡಬೇಕು, ಹಳೆಯದರ ಅರ್ಧಕ್ಕಿಂತ ಸ್ವಲ್ಪ ದೊಡ್ಡದು. ಅಳತೆ ಕೇಳಿ ಬಡಿಗೇರ ಕಾಕಾ ಮೂಗು ಮುರಿದರು.

"ತೂತಿಲ್ಲದ ಡಬ್ಬಿ ಮಾಡಿಸ್ತೀಯಲ್ಲೋ, ನಿನ್ನ ಅಂಗಡಿ ಹೆಸರು ಏನಾಗ್ಬೇಕು? ಡಿಕ್ಕಿ ತಗದ್ರ ಮಂದಿ ನಗ್ತಾರ."

"ಡಿಕ್ಕಿ ತಗಿಯೂದಿಲ್ಲ ಕಾಕಾ."

"ಮತ್ತ ಯಾರು ಕೇಳ್ತಾರ?"

"ಒಳಗ ಕೂತಾಂವ."

ಕಾಕಾ ಗರಗಸ ಎತ್ತಿಕೊಂಡರು.

ಮುಚ್ಚಿದ ಡಬ್ಬಿಗೆ ಒಂದು ಕೂದಲೆಳೆ ಸಂದೂ ಇರಕೂಡದು. ಒಳಗೆ ಅಡ್ಡಪಟ್ಟಿ ಕೊಟ್ಟು, ಮೂಲೆಗಳಿಗೆಲ್ಲ ಸಿಲಿಕೋನ್ ತುಂಬಿ ಒಣಗಲು ಬಿಟ್ಟೆವು. ಆಮೇಲೆ ಸ್ಪೀಕರಿನ ಜಾಗದಲ್ಲಿ ಹಲಗೆ ಬಿಗಿದು, ತಂತಿಯ ಕಂಡಿಯಿಂದ ಸೈಕಲ್ ಪಂಪಿನಲ್ಲಿ ಮೆಲ್ಲಗೆ ಗಾಳಿ ಕೊಡುತ್ತ, ಊದಿನಕಡ್ಡಿ ಹಚ್ಚಿ ಸಂದುಸಂದಿಗೂ ಹಿಡಿದೆ. ಹೊಗೆ ನೆಟ್ಟಗೆ ಮೇಲೇರಿದರೆ ಅಲ್ಲಿ ಸೋರಿಕೆ ಇಲ್ಲ ಎಂದರ್ಥ. ಕಾಕಾನ ಮನೆಯವರು ಹೊರಬಂದು, "ಇದೇನ್ ಡಬ್ಬಿಗೆ ಪೂಜಿ ಮಾಡಾಕ ಹತ್ತೀರಿ?" ಎಂದು ನಕ್ಕರು. ಹಿಂದಿನ ಕೆಳಮೂಲೆಯಲ್ಲಿ ಹೊಗೆ ಬಾಗಿತು. ಬಿಚ್ಚಿ ಮತ್ತೆ ಅಂಟು ತುಂಬಿದೆವು. ಮತ್ತೆ ಬಾಗಿತು. ಹಲಗೆಯೇ ಅಲ್ಲಿ ಸೀಳಿತ್ತು. ಕಾಕಾ ಬೈಯುತ್ತಲೇ ಆ ಕಡೆಯ ಹಲಗೆಯನ್ನೇ ಹೊಸದಾಗಿ ಕೊಯ್ದರು. ಮೂರನೆಯ ಸಲ ಹೊಗೆ ಎಲ್ಲ ಕಡೆಯೂ ದಾರ ಹಿಡಿದಂತೆ ನೆಟ್ಟಗೆ ನಿಂತಿತು. ಒಳಗೆ ದಿಂಬಿಗೆ ತುಂಬುವ ಬಿಳಿ ಫೈಬರ್ ಹತ್ತಿಯನ್ನು ಸಡಿಲವಾಗಿ ಹರವಿ, ಸ್ಪೀಕರ್ ಬಿಗಿದೆ.

ಸಾಹುಕಾರರ ಮನೆಗೆ ಫೋನು ಮಾಡುವ ಮೊದಲು ನಾನೊಬ್ಬನೇ ಕಾರಿನೊಳಗೆ ಕೂತೆ. ಹೊರಗೆ ಮಧ್ಯಾಹ್ನ ತೂಕಡಿಸುತ್ತಿತ್ತು. ಕಿಟಕಿ ಏರಿಸಿ, ಪೆನ್‌ಡ್ರೈವ್ ಹಾಕಿದೆ. ಸದ್ದು ಸಣ್ಣದಾಗಿತ್ತು. ಎಲ್ಲಿ ಹೋಯಿತು ನನ್ನ ಅಬ್ಬರ? ಆಮೇಲೆ ಮೆಲ್ಲಗೆ, ಕತ್ತಲ ಕೋಣೆಗೆ ಕಣ್ಣು ಹೊಂದಿಕೊಳ್ಳುವ ಹಾಗೆ ಕಿವಿ ಹೊಂದಿಕೊಂಡಿತು. ತೊಗಲು ಕೇಳಿಸಿತು. ತೊಗಲಿನ ಮೇಲೆ ಬೆರಳು, ಬೆರಳಿನ ನಂತರದ ಮೌನ. ಗೆಜ್ಜೆ, ತಾಳ, ನಂದಿಕೋಲು ಹೊತ್ತವನ ಉಸಿರು ಕೂಡ ಕೇಳಿಸಿದಂತಾಯಿತು.

ಮತ್ತು ಪೆಟ್ಟುಗಳು ಎರಡಿದ್ದವು.

ಮತ್ತೆ ಹಿಂದಕ್ಕೆ ಹಾಕಿ ಕೇಳಿದೆ. ಎರಡು. ಒಂದು ಬೀಳುತ್ತದೆ, ಅದರ ಬೆನ್ನಿಗೇ ಇನ್ನೊಂದು. ಎರಡೂ ಬೀಳುವುದು ತಾಳ ಬಿದ್ದ ಮೇಲೆ. ನಂದಿಕೋಲು ವಾಲಿದ ಜಾಗದಲ್ಲಿ, ಜನ "ಹೋ" ಎನ್ನುವ ಮುಂಚೆ, ತಾಳ ಒಂದು ಕಡೆ, ಸಮಾಳಗಳು ಇನ್ನೊಂದು ಕಡೆ ಎದ್ದುಕಾಣುವಷ್ಟು ದೂರ ಸರಿದಿದ್ದವು.

ನನಗೆ ಅಳು ಬಂದ ಹಾಗಾಯಿತು. ಈ ಮನುಷ್ಯ ಹಳೆಯ ಡಬ್ಬಿ ಕೇಳಿದಾಗ ಹೇಗೆ ಅರಳಿದ್ದರು! ಅದಿನ್ನೂ ಅಂಗಡಿಯ ಮೂಲೆಯಲ್ಲೇ ಇತ್ತು. ಅದನ್ನೇ ತಿರುಗಿ ಕೂರಿಸಿ, "ಮುಚ್ಚಿದ ಡಬ್ಬಿ ಆಗಿಬರ್ಲಿಲ್ರಿ" ಅಂದುಬಿಟ್ಟರೆ ಯಾರು ಕೇಳುತ್ತಾರೆ? ಅವರು ಮುಂದೆ ನಿಂತು ಸಮಾಳ ಬಾರಿಸುತ್ತಾರೆ, ಎಲ್ಲರೂ ಭೇಷ್ ಎನ್ನುತ್ತಾರೆ. ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದೆ ಕೂಡ. ಆಮೇಲೆ ಆ ಉಳುಕಿದ ಭುಜ ನೆನಪಾಯಿತು. ಮೇಳದವರು ಹೇಳಲಿಲ್ಲ, ತಮ್ಮ ಹೇಳಲಿಲ್ಲ, ಕೊನೆಗೆ ದುಡ್ಡು ಕೊಟ್ಟು ಮಾಡಿಸಿದ ಡಬ್ಬಿಯೂ ಹೇಳದಿದ್ದರೆ ಅವರು ಇನ್ನಾರನ್ನು ಕೇಳಬೇಕು? ಸ್ಕ್ರೂಡ್ರೈವರ್ ಕೆಳಗಿಟ್ಟು ಫೋನು ಮಾಡಿದೆ.

ಮರುದಿನ ಬೆಳಿಗ್ಗೆ ಬಂದರು. ಅಂಗಡಿಯ ಮುಂದೆ ಕೇಳುವುದು ಬೇಡವೆಂದು ಇಬ್ಬರೂ ಕಮಲಾಪುರದ ಆಚೆ, ಬಾಳೆ ತೋಟದ ಪಕ್ಕದ ಕಾಲುವೆ ದಾರಿಗೆ ಹೋದೆವು. ನೆರಳಿನಲ್ಲಿ ಕಾರು ನಿಲ್ಲಿಸಿ ಇಂಜಿನ್ ಆರಿಸಿದರು. ನೀರು ಹರಿಯುತ್ತಿದ್ದುದು ಗಾಜಿನಾಚೆ ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಅವರು ಬೆನ್ನನ್ನು ಸೀಟಿಗೆ ಒತ್ತಿ, ಎರಡೂ ಅಂಗೈಗಳನ್ನು ತೊಡೆಯ ಮೇಲಿಟ್ಟು, ಕಣ್ಣು ಮುಚ್ಚಿ ಕೇಳಿದರು. ಈ ಸಲ ಮುಖ ಅರಳಲಿಲ್ಲ.

"ಒಂದೋ, ಎರಡೋ?" ಎಂದರು ಕಣ್ಣು ತೆರೆಯದೆ.

"ಎರಡ್ರಿ ಸಾವ್ಕಾರ್ರ."

"ಹೌದು. ಎರಡು. ನನಗೂ ಎರಡ ಕೇಳ್ತು." ಅವರ ದನಿ ಶಾಂತವಾಗಿತ್ತು. "ಮೊದಲಿನದು ನಂದು. ನನ್ನ ಕೈ ನನಗ ಗೊತ್ತು. ಎರಡನೇದು ತಮ್ಮಂದು. ಅಂದ್ರ ತಡ ಆಗಿದ್ದು ಅವನಾ?" ಆ ಮಾತಿನಲ್ಲಿ ಒಂದಿಷ್ಟು ಆಸೆ ಇತ್ತು. ಅದನ್ನು ಕೇಳಿ ನನಗೆ ಸಂಕಟವಾಯಿತು.

"ತಾಳ ನಿಮಗ ಕೇಳೂದಿಲ್ಲಲ್ರಿ. ನಾ ಹಾಕ್ತೀನಿ," ಎಂದೆ. ಅವರ ತೋಳಿನ ಮೇಲೆ ಎರಡು ಬೆರಳಿಟ್ಟೆ. ಮೆರವಣಿಗೆಯನ್ನು ಮೊದಲಿನಿಂದ ಹಾಕಿ, ರೆಕಾರ್ಡಿನಲ್ಲಿ ತಾಳ ಬಿದ್ದಲ್ಲೆಲ್ಲ ಅವರ ತೋಳಿನ ಮೇಲೆ ಬೆರಳು ಬಡಿಯುತ್ತ ಹೋದೆ. ಅವರು ಬೆನ್ನಿನಿಂದ ಸಮಾಳ ಕೇಳಿದರು, ತೋಳಿನಿಂದ ತಾಳ ಕೇಳಿದರು. ಕಾಲುವೆಯ ನೀರಿನ ಬೆಳಕು ಕಾರಿನ ಒಳಚಾವಣಿಯ ಮೇಲೆ ಅಲುಗಾಡುತ್ತಿತ್ತು.

ನನ್ನ ಬೆರಳು ಬೀಳುತ್ತಿತ್ತು, ಆಮೇಲೆ ಅವರ ಪೆಟ್ಟು, ಅದರ ಬೆನ್ನಿಗೆ ತಮ್ಮನದು.

ನಡುವೆ ಒಂದು ಕಡೆ ಅವರು ಬೆವರು ಒರೆಸಿಕೊಳ್ಳಲು ಕೈ ಬಿಟ್ಟಿದ್ದರಂತೆ. ಅಲ್ಲಿ ತಮ್ಮನ ಸಮಾಳ ಒಂದೇ ಉಳಿದಿತ್ತು. ಅಲ್ಲಿ ನನ್ನ ಬೆರಳೂ ಅವನ ಪೆಟ್ಟೂ ಒಟ್ಟಿಗೇ ಬಿದ್ದವು. ಒಂದಿಷ್ಟೂ ಹಿಂದೆ ಮುಂದೆ ಇಲ್ಲ. ಅಣ್ಣನ ಕೈ ಮತ್ತೆ ಸೇರಿಕೊಂಡ ಕೂಡಲೇ ತಮ್ಮ ತಾಳ ಬಿಟ್ಟು ಹಿಂದೆ ಸರಿದ.

ಸಾಹುಕಾರರು ಕಣ್ಣು ತೆರೆದರು. "ಅಲ್ಲಿ ಇನ್ನೊಮ್ಮೆ ಹಾಕ್ರಿ."

ಹಾಕಿದೆ. ಇನ್ನೊಮ್ಮೆ ಅಂದರು. ಮತ್ತೆ ಹಾಕಿದೆ.

"ಅವ ತಡ ಆಗಿಲ್ಲ," ಎಂದರು. "ಅವ ನನಗ ಕಾಯಾಕ ಹತ್ಯಾನ. ನಾ ಬಡಿಯೂತನಕ ಕೈ ಎತ್ತಿ ಹಿಡ್ಕೊಂಡು ಕಾದು, ನನ್ನ ಪೆಟ್ಟು ಬಿದ್ದ ಮ್ಯಾಲ ತಾ ಹಾಕ್ಯಾನ. ಎಷ್ಟು ದಿನದಿಂದ ಕಾಯಾಕ ಹತ್ಯಾನೋ ಯಾರಿಗ್ಗೊತ್ತು."

ಅವರು ಅತ್ತರು. ನಾಚಿಕೊಳ್ಳದೆ, ಟವೆಲ್ಲನ್ನು ಮುಖಕ್ಕೆ ಹಿಡಿದುಕೊಂಡು ಅತ್ತರು. ನನ್ನ ಬೆರಳುಗಳು ಇನ್ನೂ ಅವರ ತೋಳಿನ ಮೇಲೇ ಇದ್ದವು, ತೆಗೆಯಬೇಕೆಂದು ನನಗೆ ತೋಚಲಿಲ್ಲ. ಬಾಳೆ ಎಲೆಗಳು ಗಾಜಿನಾಚೆ ಸದ್ದಿಲ್ಲದೆ ಹೊಯ್ದಾಡುತ್ತಿದ್ದವು.

"ಹಂಗಾದ್ರ ಸಮಾಳ ಇಳಸ್ತೀರೇನ್ರಿ?" ಎಂದು ತುಸು ಹೊತ್ತಾದ ಮೇಲೆ ಕೇಳಿದೆ.

ಅವರು ಮತ್ತೆ ಹಾಡು ಹಾಕಲು ಹೇಳಿದರು. ಈ ಸಲ ಕಣ್ಣು ಮುಚ್ಚಲಿಲ್ಲ. ತಮ್ಮನ ಸಮಾಳ ಒಂದೇ ಇದ್ದ ಆ ತುಣುಕು ಬಂದಾಗ ಅವರ ಬಲಗೈ ತೊಡೆಯ ಮೇಲೆ ತಾನಾಗಿ ಎದ್ದು ಬಿತ್ತು. ಮತ್ತೆ ಎದ್ದು ಬಿತ್ತು. ನಾನು ಆ ಕೈಯನ್ನೇ ನೋಡುತ್ತಿದ್ದೆ. ತಮ್ಮನ ಪೆಟ್ಟಿನ ಜೊತೆಗೇ ಬೀಳುತ್ತಿತ್ತು.

"ಕೈಗೆ ಏನೂ ಆಗಿಲ್ರಿ ಮೇಸ್ತ್ರಿ," ಎಂದರು ನಿಧಾನವಾಗಿ. "ಕೇಳ್ದಿರೋ ತಾಳದ ಬೆನ್ನು ಹತ್ತಿ ಹೊಂಟಿದ್ದೆ. ಕೇಳೂ ಸಮಾಳ ನನ್ನ ಹಿಂದ ಇತ್ತು."

ಆ ದಿನದಿಂದ ಮದುವೆಯ ತನಕ ಅವರು ಪ್ರತಿ ಸಂಜೆ ಮಿಲ್ಲಿನ ಅಂಗಳದಲ್ಲಿ ಕಾರಿನೊಳಗೆ ಕೂತು, ಬಾಗಿಲು ಹಾಕಿಕೊಂಡು, ಆ ಒಂದೇ ತುಣುಕಿನ ಜೊತೆ ತೊಡೆ ಬಡಿದುಕೊಳ್ಳುತ್ತಿದ್ದರೆಂದು ಆಮೇಲೆ ಗೊತ್ತಾಯಿತು. ಒಂದು ಸಲ ಮಾತ್ರ ಅಂಗಡಿಗೆ ಬಂದು, ಆ ತುಣುಕೇ ಮತ್ತೆ ಮತ್ತೆ ಬರುವ ಹಾಗೆ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಹೋದರು.

ಮದುವೆಗೆ ನನ್ನನ್ನೂ ಕರೆದಿದ್ದರು. ಕಂಪ್ಲಿಗೆ ಹೋದಾಗ ಮನೆಯ ಮುಂದೆ ಮೇಳ ಸಜ್ಜಾಗುತ್ತಿತ್ತು. ಅದೇ ಅಕ್ಕನ ಮಗ ನಂದಿಕೋಲಿನ ಬುಡವನ್ನು ಸೊಂಟದ ಪಟ್ಟಿಗೆ ಸಿಗಿಸಿಕೊಳ್ಳುತ್ತಿದ್ದ. ಸಾಹುಕಾರರು ಸಮಾಳವನ್ನು ಕೊರಳಿಗೆ ಹಾಕಿಕೊಂಡು ಬಂದರು, ಬಂದವರು ಮುಂದೆ ಹೋಗಲಿಲ್ಲ. ತಮ್ಮನ ಹಿಂದೆ ಹೋಗಿ ನಿಂತರು. ತಮ್ಮ ಗಾಬರಿಯಾಗಿ ತಿರುಗಿದ.

"ಅಣ್ಣಾ, ಇದೇನು? ನೀ ಮುಂದ ನಡಿ."

"ನೀ ನಡಿ," ಎಂದರು ಸಾಹುಕಾರರು. "ಇಷ್ಟು ದಿನ ಕಾದಿ. ಇನ್ನ ಕಾಯಬ್ಯಾಡ."

ತಮ್ಮನ ಮುಖ ಸಣ್ಣದಾಯಿತು. ಬಗ್ಗಿ ಅಣ್ಣನ ಕಾಲು ಮುಟ್ಟಿ, ಮುಂದಕ್ಕೆ ಹೋಗಿ ನಿಂತ. ಮೇಳದವರು ಒಬ್ಬರನ್ನೊಬ್ಬರು ನೋಡಿಕೊಂಡರು. ಯಾರೂ ಏನೂ ಕೇಳಲಿಲ್ಲ. ಅವರ ರೂಢಿಯೇ ಅದು.

ತಾಳ ಶುರುವಾಯಿತು. ಸಾಹುಕಾರರು ತಾಳದವನ ಕಡೆ ತಿರುಗಿಯೂ ನೋಡದೆ, ತಮ್ಮನ ಬೆನ್ನಿನ ಹಿಂದೆ ಒಂದು ಗೇಣು ಅಂತರದಲ್ಲಿ ನಿಂತು, ತಲೆ ಸ್ವಲ್ಪ ಬಾಗಿಸಿ ಬಾರಿಸತೊಡಗಿದರು. ನಂದಿಕೋಲು ಎದ್ದಿತು. ಗ್ಲಾಸು ನಡುಗಿಸುವ ಅಬ್ಬರವೇನೂ ಇರಲಿಲ್ಲ. ಬಿಸಿಲು ಇನ್ನೂ ಎಳೆಯದಿತ್ತು, ಕೋಲಿನ ರೇಷ್ಮೆ ಬಟ್ಟೆ ಗಾಳಿಗೆ ನಿಧಾನ ಬಿಚ್ಚಿಕೊಳ್ಳುತ್ತಿತ್ತು. ಇದೆಲ್ಲ ನಡೆಯುತ್ತಿದೆಯೋ ಅಥವಾ ನಾನಿನ್ನೂ ಆ ಕಾಲುವೆಯ ಪಕ್ಕ ಕಾರಿನಲ್ಲೇ ಕೂತಿದ್ದೇನೋ ಎಂದು ಒಂದು ಗಳಿಗೆ ತಿಳಿಯದಾಯಿತು.

ಮೆರವಣಿಗೆ ನನ್ನ ಮುಂದೆ ಬಂದಾಗ ಸಾಹುಕಾರರು ನನ್ನನ್ನು ಗುರುತು ಹಿಡಿದರು. ಎರಡು ಪೆಟ್ಟುಗಳ ನಡುವಿನ ಬಿಡುವಿನಲ್ಲಿ ಕೈ ಎತ್ತಿ ಒಂದು ಬೆರಳು ತೋರಿಸಿದರು, ಮುಂದಿನ ಬಿಡುವಿನಲ್ಲಿ ಎರಡು ಬೆರಳು, ಹುಬ್ಬು ಮೇಲೆತ್ತಿ.

ನಾನು ಕಣ್ಣು ಮುಚ್ಚಿದೆ. ಅವರು ಕೇಳಿದ್ದಕ್ಕೆ ಸುಮ್ಮನೆ ತಲೆಯಾಡಿಸುವ ಹಾಗಿರಲಿಲ್ಲ. ನಂದಿಕೋಲಿನ ಗೆಜ್ಜೆ ಒಂದು ಸುತ್ತು ಪೂರ್ತಿ ತಿರುಗಿ ಬರುವ ತನಕ ಕೇಳಿದೆ. ಇನ್ನೂ ಒಂದು ಸುತ್ತು ಕೇಳಿದೆ.

ಕಣ್ಣು ತೆರೆದು ಒಂದು ಬೆರಳು ಎತ್ತಿದೆ.